ಚೀಟಿ ಬರೆಯುವ ಜರ್ಮನಿ, ಬಾಗಿಲು ತೆರೆದ ಸ್ಕಾಟ್ಲೆಂಡ್, ಕನ್ನಡ ಮಾತಾಡುವ 14416: ನಿದ್ರಾಹೀನತೆಗೆ ಮೂರು ದಾರಿಗಳ ಹೋಲಿಕೆ

ಬಹುಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂದು ಕರೆಯುವ ವರ್ತನಾ ಚಿಕಿತ್ಸೆ ಎಂದು ಯುರೋಪಿನ ಮತ್ತು ಅಮೆರಿಕದ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಅದನ್ನು ಎದುರು ಕೂತು ಕಲಿಸುವ ತಜ್ಞರು ಎಲ್ಲೂ ಸಾಕಷ್ಟಿಲ್ಲದ ಕಾರಣ ಆ ಚಿಕಿತ್ಸೆ ಮೊಬೈಲಿಗೆ ಬಂದಿದೆ. ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದಾಗ ಸೊಮ್ನಿಯೊ ಎಂಬ ಆ್ಯಪನ್ನು, ಆಮೇಲೆ ಎಡಿನ್‌ಬರೋದಲ್ಲಿದ್ದಾಗ ಸ್ಲೀಪಿಯೊ ಎಂಬುದನ್ನು ನಾನು ಬಳಸಿದ್ದೇನೆ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಅದೇ ತೊಂದರೆ ಕಾಣಿಸಿಕೊಂಡಾಗ ನಮ್ಮಲ್ಲಿ ಏನು ಸಿಗುತ್ತದೆ ಎಂದು ಹುಡುಕಿ ನೋಡಿದ್ದೇನೆ. ಕಾಯಿಲೆಯೂ ಚಿಕಿತ್ಸೆಯ ತಿರುಳೂ ಒಂದೇ ಆಗಿರುವುದರಿಂದ ಇಲ್ಲಿ ಹೋಲಿಸಬೇಕಾದದ್ದು ಆ್ಯಪ್‌ಗಳಿಗಿಂತ ಹೆಚ್ಚಾಗಿ ಅವುಗಳ ಹಿಂದಿನ ವ್ಯವಸ್ಥೆಯನ್ನು: ಯಾರು ಪರೀಕ್ಷಿಸುತ್ತಾರೆ, ಯಾರು ಹಣ ಕೊಡುತ್ತಾರೆ, ರೋಗಿ ಅಲ್ಲಿಗೆ ತಲುಪುವುದು ಹೇಗೆ.

ಎರಡೂ ಆ್ಯಪ್‌ಗಳು ಮಾಡಿಸುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಪ್ರತಿದಿನ ಬೆಳಿಗ್ಗೆ ನಿದ್ರೆಯ ದಿನಚರಿಯನ್ನು ತುಂಬಬೇಕು: ಎಷ್ಟು ಹೊತ್ತಿಗೆ ಮಲಗಿದಿರಿ, ನಿದ್ರೆ ಹತ್ತಲು ಎಷ್ಟು ಹೊತ್ತು ಹಿಡಿಯಿತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಎದ್ದದ್ದು ಎಷ್ಟಕ್ಕೆ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಹಾಸಿಗೆಯಲ್ಲಿದ್ದವರು ನಿದ್ರಿಸಿದ್ದು ಐದೂವರೆ ಗಂಟೆಯಾದರೆ ಹಾಸಿಗೆಯ ಸಮಯದಲ್ಲಿ ನಿದ್ರೆಯ ಪಾಲು ಶೇ. 70ಕ್ಕೂ ಕಡಿಮೆ ಎಂದಾಯಿತು. ಆಗ ಆ್ಯಪ್ ಹಾಸಿಗೆಯ ಸಮಯವನ್ನೇ ಕಡಿತಗೊಳಿಸುತ್ತದೆ: ಹನ್ನೆರಡೂವರೆಗೆ ಮುಂಚೆ ಮಲಗಬೇಡಿ, ಆರಕ್ಕೆ ಎದ್ದುಬಿಡಿ, ಹಗಲು ಮಲಗಲೇಬೇಡಿ ಎನ್ನುತ್ತದೆ. ನಿದ್ರೆ ಗಟ್ಟಿಯಾದ ಹಾಗೆ ಸ್ವಲ್ಪಸ್ವಲ್ಪವಾಗಿ ಸಮಯವನ್ನು ಹೆಚ್ಚಿಸುತ್ತದೆ. ಮೊದಲ ವಾರಗಳು ನಿಜಕ್ಕೂ ಕಷ್ಟ. ವಾಹನ ಓಡಿಸುವವರು, ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಇಂಥ ಪರಿಣಾಮವುಳ್ಳ ಸಾಧನವನ್ನು ಯಾರಾದರೂ ಪರೀಕ್ಷಿಸಿರಲೇಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಜರ್ಮನಿಯಲ್ಲಿ ಆ ಪರೀಕ್ಷೆ ಕಾನೂನಿನಲ್ಲೇ ಇದೆ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಡಿಜಿಟಲ್ ಆರೋಗ್ಯ ಕಾಯ್ದೆಯು ವೈದ್ಯರು ಮಾತ್ರೆಯಂತೆಯೇ ಆ್ಯಪನ್ನೂ ಚೀಟಿಯಲ್ಲಿ ಬರೆಯಲು ಅವಕಾಶ ಕೊಟ್ಟಿತು. ಇಂಥ ಆ್ಯಪ್‌ಗಳನ್ನು ಅಲ್ಲಿ ಡಿಗಾ ಎನ್ನುತ್ತಾರೆ. ಔಷಧಗಳನ್ನು ನಿಯಂತ್ರಿಸುವ ಬಿಫಾರ್ಮ್ ಎಂಬ ಕೇಂದ್ರ ಸಂಸ್ಥೆಯೇ ಸುರಕ್ಷತೆ, ದತ್ತಾಂಶದ ರಕ್ಷಣೆ ಮತ್ತು ಉಪಯೋಗವನ್ನು ಮೂರು ತಿಂಗಳೊಳಗೆ ಪರಿಶೀಲಿಸಿ ಸಾರ್ವಜನಿಕ ಪಟ್ಟಿಗೆ ಸೇರಿಸುತ್ತದೆ. ಪುರಾವೆ ಇನ್ನೂ ಪೂರ್ಣವಾಗಿಲ್ಲದಿದ್ದರೆ ತಾತ್ಕಾಲಿಕವಾಗಿ ಸೇರಿಸಿ, ಸಾಮಾನ್ಯವಾಗಿ ಒಂದು ವರ್ಷದ ಗಡುವು ಕೊಡುತ್ತದೆ. ಗಡುವಿನೊಳಗೆ ಪರಿಣಾಮವನ್ನು ತೋರಿಸಲಾಗದೆ ಹೊರಬಿದ್ದ ಆ್ಯಪ್‌ಗಳೂ ಇವೆ. ಪಟ್ಟಿಯ ಮೊದಲ ಹೆಸರುಗಳು ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಸೊಮ್ನಿಯೊ ಕೂಡ ಅದೇ ತಿಂಗಳು ಸೇರಿತು. ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದನ್ನು ಡಿಗಾ ನಿಯಮವೇ ನಿಷೇಧಿಸಿದೆ.

ನನ್ನ ಅನುಭವದಲ್ಲಿ ಈ ಗಟ್ಟಿ ವ್ಯವಸ್ಥೆ ಕುಂಟಿದ್ದು ಕೊನೆಯ ಹೆಜ್ಜೆಯಲ್ಲಿ. ನಾನು ಹೋದ ವೈದ್ಯರಿಗೆ ಆ್ಯಪನ್ನು ಚೀಟಿಯಲ್ಲಿ ಬರೆಯುವ ಕ್ರಮ ತಿಳಿದಿರಲಿಲ್ಲ. ಪಟ್ಟಿಯನ್ನು ಅವರ ಕಂಪ್ಯೂಟರಿನಲ್ಲೇ ತೆರೆದು ಇಬ್ಬರೂ ಕೂಡಿ ಅದರ ಔಷಧ ಸಂಖ್ಯೆಯನ್ನು ಹುಡುಕಿದೆವು. ಆ ಚೀಟಿಯನ್ನು ವಿಮಾ ಸಂಸ್ಥೆಗೆ ಕಳುಹಿಸಬೇಕು, ಅವರು 16 ಅಕ್ಷರಗಳ ಕೋಡ್ ಕೊಡಬೇಕು, ಅದನ್ನು ಆ್ಯಪ್‌ನಲ್ಲಿ ತುಂಬಿದ ಮೇಲೆ 90 ದಿನಗಳ ಬಳಕೆ ಆರಂಭ. ನನ್ನ ಕೋಡ್ ಅಂಚೆಯಲ್ಲಿ ಬಂತು, ಅದೂ ನಿರೀಕ್ಷಿಸಿದ್ದಕ್ಕಿಂತ ತಡವಾಗಿ. ನಿದ್ರೆಯಿಲ್ಲದೆ ಬಳಲುತ್ತಿರುವವರಿಗೆ ಈ ಕಾಯುವಿಕೆ ಹಗುರವಾದದ್ದಲ್ಲ. ಪಟ್ಟಿಯಲ್ಲಿರುವ ಬಹುಪಾಲು ಆ್ಯಪ್‌ಗಳು ಜರ್ಮನ್ ಭಾಷೆಯವು ಎಂಬುದು ವಲಸಿಗರಿಗೆ ಇನ್ನೊಂದು ತೊಡಕು. ಮೊದಲ ವರ್ಷದ ಬೆಲೆಯನ್ನು ತಯಾರಕರೇ ನಿಗದಿ ಮಾಡುವುದರಿಂದ ಖರ್ಚು ವಿಪರೀತವಾಗುತ್ತಿದೆ ಎಂದು ವಿಮಾ ಸಂಸ್ಥೆಗಳು ಆಕ್ಷೇಪಿಸುತ್ತಲೇ ಬಂದಿವೆ, ಮತ್ತು ಆ ಆಕ್ಷೇಪದಲ್ಲಿ ಹುರುಳಿದೆ.

ಸ್ಕಾಟ್ಲೆಂಡಿನಲ್ಲಿ ಚೀಟಿಯೂ ಇಲ್ಲ, ಕೋಡೂ ಇಲ್ಲ. ಅಲ್ಲಿ ವಾಸಿಸುವ ವಯಸ್ಕರೆಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸ್ಲೀಪಿಯೊವನ್ನು ಉಚಿತವಾಗಿ ತೆರೆದಿಟ್ಟಿದೆ. ನಾನು ಹೆಸರು ನೋಂದಾಯಿಸಿದ ಸಂಜೆಯೇ ಮೊದಲ ಪಾಠವನ್ನು ಮುಗಿಸಿದೆ. ಆರು ಪಾಠಗಳು, ಕಲಿಸುವವರು ಕಾರ್ಟೂನಿನ ಒಬ್ಬ ಪ್ರೊಫೆಸರ್, ಅವರ ಪಕ್ಕದಲ್ಲಿ ಸದಾ ತೂಕಡಿಸುವ ಪಾವ್ಲೋವ್ ಎಂಬ ನಾಯಿ. ಇದರ ಹಿಂದೆಯೂ ಪುರಾವೆ ಇದೆ: 2022ರ ಮೇ ತಿಂಗಳಲ್ಲಿ, ಯಾವ ಚಿಕಿತ್ಸೆಯನ್ನು ಬಳಸಬಹುದು ಎಂದು ಎನ್‌ಎಚ್‌ಎಸ್‌ಗೆ ಸಲಹೆ ಕೊಡುವ ನೈಸ್ ಸಂಸ್ಥೆಯು ನಿದ್ರೆ ಮಾತ್ರೆಗೆ ಬದಲಾಗಿ ಸ್ಲೀಪಿಯೊವನ್ನು ಶಿಫಾರಸು ಮಾಡಿ, ಅದರಿಂದ ಸರ್ಕಾರಿ ಖರ್ಚು ಉಳಿಯುತ್ತದೆ ಎಂದು ಹೇಳಿತು. ಆದರೆ ನೈಸ್ ಶಿಫಾರಸು ಮಾಡಿದ ಮಾತ್ರಕ್ಕೆ ಇಂಗ್ಲೆಂಡಿನ ಎಲ್ಲ ಊರುಗಳಲ್ಲೂ ಅದು ಸಿಗುವುದಿಲ್ಲ. ಹಣ ಕೊಡುವ ನಿರ್ಧಾರ ಆಯಾ ಪ್ರದೇಶದ ಆಡಳಿತದ್ದು. ಇನ್ನು, ವೈದ್ಯರ ಮೂಲಕ ಬರದವರ ಮೇಲೆ ವೈದ್ಯರ ಕಣ್ಣೂ ಇರುವುದಿಲ್ಲ. ಮೂರನೆಯ ವಾರ ಹಗಲಿನಲ್ಲಿ ವಿಪರೀತ ಮಂಪರು ಬಂದಾಗ ಮ್ಯೂನಿಕ್‌ನಲ್ಲಾಗಿದ್ದರೆ ಯಾರನ್ನು ಕೇಳಬೇಕೆಂದು ನನಗೆ ಗೊತ್ತಿರುತ್ತಿತ್ತು.

ಅಮೆರಿಕದ್ದನ್ನು ನಾನು ಬಳಸಿಲ್ಲವಾದರೂ ಒಂದು ಮಾತು ಅಗತ್ಯ. ಸೋಮ್ರಿಸ್ಟ್ ಎಂಬ ಇದೇ ಬಗೆಯ ಆ್ಯಪ್‌ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಅನುಮತಿ ನೀಡಿತು. ಆದರೆ ಸಾಕಷ್ಟು ವಿಮೆಗಳು ಹಣ ಕೊಡಲು ಮುಂದಾಗಲಿಲ್ಲ, ಅದನ್ನು ತಯಾರಿಸಿದ ಪೇರ್ ಥೆರಪ್ಯೂಟಿಕ್ಸ್ 2023ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅನುಮತಿ ಇದ್ದೂ ಹಣ ಕೊಡುವವರಿಲ್ಲದಿದ್ದರೆ ಒಳ್ಳೆಯ ಚಿಕಿತ್ಸೆಯೂ ರೋಗಿಯನ್ನು ಮುಟ್ಟುವುದಿಲ್ಲ.

ಈಗ ನಮ್ಮ ವಿಷಯ. ವೈದ್ಯಕೀಯ ಉದ್ದೇಶದ ಸಾಫ್ಟ್‌ವೇರ್ ಕೂಡ ನಿಯಂತ್ರಣಕ್ಕೆ ಒಳಪಡುವ ವೈದ್ಯಕೀಯ ಸಾಧನವೇ ಎಂದು ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿದೆ. ಅದೇ ವರ್ಷದ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಮನೋಪರಿಣಾಮಿ ಔಷಧಗಳನ್ನು ಫೋನಿನಲ್ಲಿ ಬರೆಯುವುದನ್ನು ತಡೆಯಿತು. ನಿದ್ರೆ ಮಾತ್ರೆಗಳ ವಿಷಯದಲ್ಲಿ ಇದು ತೀರಾ ಬೇಕಾಗಿದ್ದ ಎಚ್ಚರಿಕೆ. ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ 14 ಅಂಕಿಗಳ ಆಭಾ ಸಂಖ್ಯೆಯಿಂದಲೂ ಉಪಯೋಗವಿದೆ: ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಅಮ್ಮನ ಒಪಿಡಿ ಟೋಕನನ್ನು ಸರದಿಯಲ್ಲಿ ನಿಲ್ಲದೆ ಪಡೆದೆವು. ಆದರೆ ಖಾಸಗಿ ಲ್ಯಾಬ್‌ನ ವರದಿ ಬಂದದ್ದು ಮಾತ್ರ ವಾಟ್ಸ್‌ಆ್ಯಪ್‌ಗೆ, ಪಿಡಿಎಫ್ ರೂಪದಲ್ಲಿ. ಇನ್ನು ನಿದ್ರೆಯ ಆ್ಯಪ್ ಎಂದು ಹುಡುಕಿ ಅಮ್ಮನ ಫೋನಿಗೆ ಹಾಕಿಕೊಟ್ಟ ಒಂದು ಉಚಿತ ಆ್ಯಪ್ ಮೊದಲು ಕೇಳಿದ್ದೇ ಅವರಿರುವ ಜಾಗವನ್ನೂ ಫೋನಿನಲ್ಲಿರುವ ನಂಬರುಗಳನ್ನೂ ನೋಡಲು ಅನುಮತಿ. ದಿನಚರಿ ಅದರಲ್ಲಿರಲಿಲ್ಲ, ಮಳೆಯ ಸದ್ದಿತ್ತು. ಅದನ್ನು ಯಾರು ಪರೀಕ್ಷಿಸಿದ್ದಾರೆ ಎಂದು ಅಮ್ಮನಂಥವರು ನೋಡಿ ತಿಳಿಯಲು ಜರ್ಮನಿಯ ಪಟ್ಟಿಯಂಥದ್ದು ನಮ್ಮಲ್ಲಿಲ್ಲ.

ಅಮ್ಮನಿಗೆ ದಾರಿ ತೋರಿಸಿದ್ದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಹಾಯವಾಣಿಯ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ನದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಸ್ಪೀಕರ್ ಹಾಕಿ ನಾನೂ ಪಕ್ಕದಲ್ಲಿದ್ದೆ. ಆಪ್ತಸಮಾಲೋಚಕಿ ಅವಸರ ಮಾಡದೆ, ಎಷ್ಟು ದಿನದಿಂದ ಹೀಗಿದೆ, ಸಂಜೆಯ ಮೇಲೆ ಕಾಫಿ ಕುಡಿಯುತ್ತೀರಾ, ಮಧ್ಯಾಹ್ನ ಮಲಗುತ್ತೀರಾ ಎಂದೆಲ್ಲ ಕೇಳಿ, "ಅಮ್ಮಾ, ಏನನ್ನಾದರೂ ಮನಸ್ಸಿಗೆ ಹಚ್ಚಿಕೊಂಡಿದ್ದೀರಾ?" ಎಂದರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಕೇಳದಿದ್ದ ಆ ಪ್ರಶ್ನೆಗೆ ಅಮ್ಮ ಬಹಳ ಹೊತ್ತು ಉತ್ತರಿಸಿದರು. ನಾನು ಬಳಸಿದ ಎರಡು ಆ್ಯಪ್‌ಗಳಿಂದಲೂ ಇದು ಸಾಧ್ಯವಿರಲಿಲ್ಲ. ಆದರೆ ಆ ಕರೆಯ ನಂತರ ಪ್ರತಿದಿನ ಬೆಳಿಗ್ಗೆ ಲೆಕ್ಕ ಇಟ್ಟು ಮಲಗುವ ಸಮಯವನ್ನು ಹೊಂದಿಸಿಕೊಡುವ ಸಾಧನ ಕನ್ನಡದಲ್ಲಿ ನನಗೆ ಸಿಗಲಿಲ್ಲ. ನಾನೇ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಅಂಕಣ ಮಾಡಿಕೊಟ್ಟೆ, ಸಮಯದ ಕಡಿತವನ್ನು ವೈದ್ಯರು ನೋಡಿಕೊಂಡರು.

ಮೂರರಲ್ಲಿ ಆರಿಸು ಎಂದರೆ, ನಿಯಮದ ಮಟ್ಟಿಗೆ ನಾನು ಜರ್ಮನಿಯದನ್ನೇ ಆರಿಸುತ್ತೇನೆ, ಚೀಟಿ ಮತ್ತು ಕೋಡಿನ ಅಲೆದಾಟವನ್ನು ಬಿಟ್ಟು. ಪುರಾವೆ ಕೊಟ್ಟ ಆ್ಯಪ್‌ಗಳ ಸಾರ್ವಜನಿಕ ಪಟ್ಟಿಯೊಂದನ್ನು ನಮ್ಮ ನಿಯಂತ್ರಕರು ಪ್ರಕಟಿಸಬೇಕು, ಸಿಬಿಟಿ-ಐ ಕನ್ನಡದಲ್ಲಿ ತಯಾರಾಗಿ ಆ ಪಟ್ಟಿಗೆ ಬರಬೇಕು, ಸ್ಕಾಟ್ಲೆಂಡಿನಂತೆ ಉಚಿತವಾಗಿರಬೇಕು. ಟೆಲಿ ಮಾನಸ್‌ನ ಸಮಾಲೋಚಕರೇ ಅದನ್ನು ರೋಗಿಗೆ ಕೊಟ್ಟು, ವಾರಕ್ಕೊಮ್ಮೆ ಕರೆ ಮಾಡಿ ವಿಚಾರಿಸುವಂತಾದರೆ ಸ್ಕಾಟ್ಲೆಂಡಿನಲ್ಲಿ ನಾನು ಕಂಡ ಕೊರತೆಯೂ ತುಂಬುತ್ತದೆ. ಅಲ್ಲಿಯವರೆಗೆ, ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ಒದ್ದಾಡುತ್ತಿರುವವರು ಪ್ಲೇ ಸ್ಟೋರ್‌ನಲ್ಲಿ ಹುಡುಕುವ ಮೊದಲು 14416ಕ್ಕೆ ಕರೆ ಮಾಡಿ, ಮತ್ತು ವೈದ್ಯರನ್ನು ಕಾಣುವಾಗ ಎರಡು ವಾರಗಳ ನಿದ್ರೆಯ ದಿನಚರಿಯನ್ನು ಬರೆದುಕೊಂಡು ಹೋಗಿ.