ವಿಕಿಟ್ರೀ: ಯಾವ ಹೆಸರಿಗೆ ಲಿಂಕ್ ಕೊಡಬೇಕು, ಯಾವುದಕ್ಕೆ ಬೇಡ

ವಿಕಿಟ್ರೀಯಲ್ಲಿ ನಮ್ಮ ವಂಶವೃಕ್ಷ ಹಾಕುತ್ತಾ ಕೆಲವು ವರ್ಷಗಳೇ ಆದವು. 2008ರಲ್ಲಿ ಶುರುವಾದ ತಾಣ, ದುಡ್ಡು ಕೊಡಬೇಕಿಲ್ಲ, ಎಲ್ಲರೂ ಸೇರಿ ಒಂದೇ ಮರ ಬೆಳೆಸುತ್ತಾರೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಹೆಸರು, ಇಸವಿ ತುಂಬುವುದು ಸುಲಭ. ತಲೆ ತಿನ್ನುವುದು ಒಬ್ಬೊಬ್ಬರ ಪುಟದಲ್ಲೂ ಬರೆಯುವ ಜೀವನಕಥೆ. ಅದರಲ್ಲಿ ಬರುವ ಹೆಸರುಗಳಿಗೆಲ್ಲ ಲಿಂಕ್ ಕೊಡಬೇಕಾ?

ಬೇಡ. ಅಪ್ಪ, ಅಮ್ಮ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು ಪುಟದ ಮೇಲೆ ತಾವಾಗಿಯೇ ಬರುತ್ತಾರೆ. ಲಿಂಕ್ ಬೇಕಾಗುವುದು ಅಲ್ಲಿ ಸಿಗದವರಿಗೆ. ಮೈಸೂರು ಅರಸರನ್ನೇ ತಗೊಳ್ಳಿ. ಜಯಚಾಮರಾಜ ಒಡೆಯರು 1940ರಲ್ಲಿ ಪಟ್ಟಕ್ಕೆ ಬಂದದ್ದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ನಂತರ. ಮೇಲಿನ ಪಟ್ಟಿಯಲ್ಲಿ ತಂದೆ ಇರುತ್ತಾರೆ, ದೊಡ್ಡಪ್ಪ ಇರುವುದಿಲ್ಲ. ಹಾಗಾಗಿ ಕಥೆಯೊಳಗೆ ಲಿಂಕ್ ಬೇಕೇ ಬೇಕು. ನಾಲ್ವಡಿಯವರ ಪುಟದಿಂದ, 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೂ ಕೊಡಬಹುದು. ಆದರೆ ಅದೇ ಕಾಲದಲ್ಲಿ ಶಾನುಭೋಗರಾಗಿದ್ದ ನಮ್ಮ ಮುತ್ತಾತನ ಪುಟದಿಂದ ದಿವಾನರಿಗೆ ಲಿಂಕ್? ಅದು ಬರೀ ಜಂಬ, ಅಲ್ವಾ!

ನಮ್ಮ ಮನೆಗಳಲ್ಲಿ ಇದು ಇನ್ನೂ ಮಜವಾಗಿರುತ್ತದೆ. ನಮ್ಮಜ್ಜಿ ಸೋದರಮಾವನನ್ನೇ ಮದುವೆಯಾದವರು. ಅಂದರೆ ಅವರ ಅಮ್ಮನ ಅಪ್ಪನೇ ಅವರಿಗೆ ಮಾವ. ಪುಟದ ಮೇಲೆ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಮದುವೆಯ ಸಾಲಿನಲ್ಲಿ ಆ ತಾತನಿಗೆ ಲಿಂಕ್ ಕೊಟ್ಟಿದ್ದೇನೆ. ಅಪ್ಪನನ್ನು ಸಾಕಿದ ಸೋದರತ್ತೆಗೂ ಇದೆ. ಮದುವೆಗೆ ಬಂದಿದ್ದ ನೆಂಟರಿಗೆಲ್ಲ ಇಲ್ಲ.

ಲಿಂಕ್ ಹಾಕುವುದು ಕಷ್ಟವೇನಲ್ಲ. ಎರಡೆರಡು ಚೌಕ ಕಂಸದ ನಡುವೆ ಆ ವ್ಯಕ್ತಿಯ ಐಡಿ (ತಾಣದಲ್ಲಿ ಅವರ ಪುಟದ ಗುರುತು), ಒಂದು ನಿಂತ ಗೆರೆ (|), ಆಮೇಲೆ ಓದುವವರಿಗೆ ಕಾಣಬೇಕಾದ ಮಾತು. ಗೆರೆಯಾದ ಮೇಲೆ ‘ಸೋದರತ್ತೆಯ’, ‘ಮಾವನಿಗೆ’ ಅಂತ ಹೇಗೆ ಬೇಕಾದರೂ ಬರೆಯಬಹುದು, ವಾಕ್ಯ ಕೆಡುವುದಿಲ್ಲ. ಒಬ್ಬರದೇ ಎರಡು ಪುಟಗಳಿದ್ದು ಮುಂದೆ ಒಂದು ಮಾಡಿದರೂ ಹಳೇ ಐಡಿ ಉಳಿದ ಪುಟಕ್ಕೇ ಕರೆದೊಯ್ಯುತ್ತದೆ.

ಅರ್ಧ ಸ್ಟಾರ್ ಹೋದದ್ದು ಕುಲನಾಮದ ಜಾಗಕ್ಕೆ. ಐಡಿ ಹುಟ್ಟುವುದೇ ಅದರಿಂದ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮಲ್ಲಿ ಅಪ್ಪನದೊಂದು, ಮಗನದೊಂದು ಆಗುತ್ತದೆ. ಕುಲನಾಮ ಹಾಕಿ ಹುಡುಕಿದರೆ ಮನೆಯವರೆಲ್ಲ ಒಟ್ಟಿಗೆ ಸಿಗುವುದಿಲ್ಲ. ಇನ್ನರ್ಧ, ಈ ಬರವಣಿಗೆಯನ್ನು ಫೋನಿನಲ್ಲಿ ಮಾಡುವ ರಗಳೆಗೆ.

ಬದುಕಿರುವವರ ವಿಷಯಕ್ಕೆ ನಾನು ಹೋಗುವುದಿಲ್ಲ. ಸದಸ್ಯರಲ್ಲದವರಾದರೆ ಅವರ ಪುಟ ಹೊರಗಿನವರಿಗೆ ತೆರೆಯುವುದಿಲ್ಲ. ಕಥೆಯಲ್ಲಿ ಹೆಸರು ಬರೆದರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಚಿಕ್ಕಪ್ಪನ ಮಕ್ಕಳ ಬಗ್ಗೆ ‘ಇಬ್ಬರು ಮಕ್ಕಳು’ ಅಂತಷ್ಟೇ ಬರೆದಿದ್ದೇನೆ.