ಫಾರ್ನ್ ದ್ವೀಪಗಳ ತಣ್ಣೀರಿಗೆ ವೆಟ್ ಸೂಟೋ, ಡ್ರೈ ಸೂಟೋ?

ನಾನು ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದನ್ನು, ಕಲಿತದ್ದು ಮುರುಡೇಶ್ವರದ ನೇತ್ರಾಣಿಯಲ್ಲಿ. ಅಲ್ಲಿ ನೀರು ಬೆಚ್ಚಗಿರುತ್ತೆ, ತೆಳ್ಳನೆಯ ಸೂಟ್ ಧಾರಾಳ ಸಾಕು. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಫಾರ್ನ್ ದ್ವೀಪಗಳ ಕಥೆಯೇ ಬೇರೆ. ಸೀಹೌಸಸ್ ಬಂದರಿನಿಂದ ದೋಣಿ ಹತ್ತಬೇಕು. ಕಪ್ಪು ಬಂಡೆಯ ಸಣ್ಣ ಸಣ್ಣ ದ್ವೀಪಗಳು, ಉಬ್ಬರ ಬಂದಾಗ ಕೆಲವು ಮುಳುಗಿಯೇ ಹೋಗುತ್ತವೆ. ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಆಗಸ್ಟ್ ಕೊನೆಗೆ, ನೀರು 13 ಡಿಗ್ರಿ ಇದ್ದರೆ ಪುಣ್ಯ. ಮಾರ್ಚ್ ತಿಂಗಳಲ್ಲಿ 6 ಡಿಗ್ರಿಯ ಆಸುಪಾಸು.

ಮೊದಲ ವರ್ಷ ಸೆಪ್ಟೆಂಬರಿನಲ್ಲಿ 7 ಮಿಲಿಮೀಟರ್ ದಪ್ಪದ ರಬ್ಬರಿನ ವೆಟ್ ಸೂಟ್ ಹಾಕಿಕೊಂಡು ಇಳಿದೆ. ಮರುವರ್ಷ ಅದೇ ತಿಂಗಳು, ಅದೇ ಲಾಂಗ್‌ಸ್ಟೋನ್ ದೀಪಸ್ತಂಭದ ಹತ್ತಿರ, ಡ್ರೈ ಸೂಟ್‌ನಲ್ಲಿ.

ವೆಟ್ ಸೂಟ್ ಬಗ್ಗೆ ಒಳ್ಳೆಯ ಮಾತು ಮೊದಲು. ಹಾಕಿಕೊಳ್ಳಲು ಸ್ವಲ್ಪ ಎಳೆದಾಡಬೇಕು, ಆದರೆ ಬೇರೆ ತರಬೇತಿ ಏನೂ ಬೇಡ. ಕುತ್ತಿಗೆಯಿಂದ ನೀರು ಒಳಗೆ ಇಳಿದಾಗ ಉಸಿರು ಗಕ್ಕನೆ ಹಿಡಿದುಕೊಳ್ಳುತ್ತೆ. ಎರಡು ನಿಮಿಷದಲ್ಲಿ ಆ ನೀರೇ ಮೈಬಿಸಿಗೆ ಬೆಚ್ಚಗಾಗುತ್ತೆ. ಮೊದಲ ಅರ್ಧ ಗಂಟೆ ನಿಜಕ್ಕೂ ಖುಷಿಯಾಗಿದ್ದೆ. ಆದರೆ ಈ ಸೂಟ್ ಬೆಚ್ಚಗಿಡುವುದು ರಬ್ಬರಿನೊಳಗಿನ ಪುಟ್ಟ ಗುಳ್ಳೆಗಳಿಂದ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಗುಳ್ಳೆಗಳು ಕುಗ್ಗುತ್ತವೆ, ಸೂಟ್ ತೆಳ್ಳಗಾಗುತ್ತೆ. ಚಳಿ ಜಾಸ್ತಿ ಇರುವ ಕಡೆಯೇ ಅದರ ಬಲ ಕಡಿಮೆ.

ನಿಜವಾದ ಕಷ್ಟ ದೋಣಿಯ ಮೇಲೆ ಶುರುವಾಯಿತು. ಎರಡು ಡೈವ್‌ಗಳ ನಡುವೆ ಗಂಟೆಗಿಂತ ಜಾಸ್ತಿ ಕಾಯಬೇಕು. ಒದ್ದೆ ಸೂಟಿನ ಮೇಲೆ ಉತ್ತರ ಸಮುದ್ರದ ಗಾಳಿ. ಚಹಾದ ಲೋಟ ಹಿಡಿದರೆ ಕೈಯೊಳಗೇ ಅಲುಗಾಡುತ್ತಿತ್ತು. ಬೆಲ್ಟಿನ ಬಕಲ್ ಬಿಚ್ಚಲು ಬೆರಳು ಮಡಚಲೇ ಇಲ್ಲ, ಪಕ್ಕದವರು ಬಿಚ್ಚಿಕೊಟ್ಟರು. ಎರಡನೇ ಡೈವ್‌ಗೆ ನಾನು ಇಳಿಯಲಿಲ್ಲ. ಬೆರಳು ಕೆಲಸ ಮಾಡದವರು ನೀರಿಗೆ ಇಳಿಯಬಾರದು.

ಡ್ರೈ ಸೂಟ್ ಒಳಗೆ ನೀರು ಬರುವುದಿಲ್ಲ. ಅದರಡಿ ದಪ್ಪ ಉಣ್ಣೆಯಂಥ ಬಟ್ಟೆ, ಅದರೊಳಗೆ ಗಾಳಿ. ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತೆ, ಹಾಗಾಗಿ ಈ ಗಾಳಿಯೇ ನಮ್ಮ ಕಂಬಳಿ. ಆಳಕ್ಕೆ ಹೋದ ಹಾಗೆ ಸೂಟ್ ಮೈಯನ್ನು ಹಿಂಡುತ್ತೆ, ಸೂಟಿನ ಎದೆಯ ಮೇಲಿರುವ ಗುಂಡಿ ಒತ್ತಿ ಒಳಗೆ ಗಾಳಿ ಬಿಟ್ಟುಕೊಳ್ಳಬೇಕು. ಮೇಲೆ ಬರುವಾಗ ಎಡ ಭುಜದ ಕವಾಟದಿಂದ ಹೊರಗೆ ಬಿಡಬೇಕು. ತಲೆ ಕೆಳಗಾದರೆ ಗಾಳಿಯೆಲ್ಲ ಕಾಲಿಗೆ ಹೋಗಿ ಮೇಲಕ್ಕೆ ಎಳೆದೊಯ್ಯುತ್ತೆ. ಇದು ಅಪಾಯ. ಈಜುಕೊಳದಲ್ಲಿ ಕಲಿಯದೆ ಸುಮ್ನೆ ಹಾಕಿಕೊಂಡು ಹೊರಡಬೇಡಿ. ಒಳಗಿನ ಗಾಳಿ ತೇಲಿಸುವುದರಿಂದ, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವೂ ಜಾಸ್ತಿ ಬೇಕಾಯಿತು. ಕುತ್ತಿಗೆಯ ರಬ್ಬರ್ ಪಟ್ಟಿಗೆ ಪೌಡರ್ ಹಚ್ಚಿಯೇ ತಲೆ ತೂರಿಸಬೇಕು, ಉಗುರು ತಾಗಿದರೆ ಹರಿಯುತ್ತೆ. ಬಾಡಿಗೆಗೆ ತಂದ ಮೊದಲ ಸೂಟಿನ ಮಣಿಕಟ್ಟಿನ ಪಟ್ಟಿಯಲ್ಲಿ ಸಣ್ಣ ಸೀಳಿತ್ತು, ಮೊಣಕೈವರೆಗೆ ಒದ್ದೆ. ಬಾಡಿಗೆಯದ್ದಾದರೆ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿಯೇ ತನ್ನಿ.

ಒಮ್ಮೆ ಮಾತ್ರ ಹೋಗುವವರಿಗೆ ಆಗಸ್ಟ್ ಕೊನೆಯಲ್ಲಿ ವೆಟ್ ಸೂಟ್, ಒಂದೇ ಡೈವ್ ಸಾಕು ಅಂತೀನಿ. ಮೇಲೆ ಬಂದ ತಕ್ಷಣ ಗಾಳಿ ತಡೆಯುವ ಕೋಟು ಹಾಕಿಕೊಳ್ಳಿ. ಮತ್ತೆ ಮತ್ತೆ ಹೋಗುವ ಆಸೆ ಇದ್ದರೆ ಡ್ರೈ ಸೂಟ್‌ಗೇ ದುಡ್ಡು ಕೂಡಿಡಿ. ವೆಟ್ ಸೂಟಿಗಿಂತ ಎಷ್ಟೋ ಪಟ್ಟು ದುಬಾರಿ, ಆದರೂ ನನ್ನ ಮಾತು ಇದೇ.

ಯಾಕೆಂದರೆ ಮರುವರ್ಷ ನಾನು ಎರಡನೇ ಡೈವ್‌ಗೂ ಇಳಿದೆ. ಕಡಲಪಾಚಿಯ ಕಾಡಿನ ಅಂಚಿನಲ್ಲಿ ಅಲುಗಾಡದೆ ಕಾದೆ. ಯಾರೋ ಕಾಲಿಗೆ ಹಾಕಿದ್ದ ಈಜುರೆಕ್ಕೆ, ಅಂದರೆ ಫಿನ್, ಎಳೆದ ಹಾಗಾಯಿತು. ತಿರುಗಿದರೆ ಬೂದು ಬಣ್ಣದ ಎಳೆಯ ಸೀಲ್ ಪ್ರಾಣಿಯೊಂದು ಫಿನ್ನಿನ ತುದಿಯನ್ನು ಬಾಯಲ್ಲಿ ಮೆಲ್ಲಗೆ ಕಚ್ಚಿಕೊಂಡಿತ್ತು. ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಬಿಟ್ಟು ಹೋಯಿತು, ಸುತ್ತಿ ಬಂದು ಮತ್ತೆ ಕಚ್ಚಿತು.