ಟ್ರ್ಯಾಕ್ಟರ್ ಪೊರಕೆ: ಆಲೆಮನೆ ಅಂಗಳಕ್ಕೆ ಸೈ, ಹಸಿ ಕೆಸರಿಗೆ ಬೇಡ

ಟ್ರ್ಯಾಕ್ಟರ್ ಹಿಂದೆ ಸಲಕರಣೆ ಕಟ್ಟುವ ಮೂರು ತೋಳಿನ ತ್ರೀ ಪಾಯಿಂಟ್ ಲಿಂಕೇಜಿಗೆ ಕೂರಿಸಿ, ಇಂಜಿನ್ ಶಕ್ತಿಯನ್ನು ಸಲಕರಣೆಗೆ ಕೊಡುವ ಪಿಟಿಓ ಶಾಫ್ಟಿನಿಂದ ತಿರುಗಿಸುವ 6 ಅಡಿ ಉದ್ದದ ಉರುಳು ಬ್ರಷ್ ಇದು. ಮಂಡ್ಯ ಕಡೆಯ ಆಲೆಮನೆ ಅಂಗಳ, ಅಕ್ಕಿ ಗಿರಣಿಯ ಒಣಗಿಸುವ ಕಣ, ಛತ್ರದ ಮುಂದಿನ ಕಾಂಕ್ರೀಟು, ಬಡಾವಣೆ ರಸ್ತೆ, ಇಷ್ಟಕ್ಕೆ ಚೆನ್ನಾಗಿ ಒಪ್ಪುತ್ತದೆ. ಗದ್ದೆಯಿಂದ ಕೇಜ್ ವೀಲ್ (ಕೆಸರಿನಲ್ಲಿ ಓಡಿಸಲು ಹಾಕುವ ಕಬ್ಬಿಣದ ಪಂಜರದ ಗಾಲಿ) ಹೊತ್ತು ತಂದ ಹಸಿ ಕೆಸರಿಗೆ ಮಾತ್ರ ಇದು ಬೇಡ. ಅದನ್ನು ಇದು ಗುಡಿಸುವುದಿಲ್ಲ, ಸಾರಿಸುತ್ತದೆ. ಕೆಸರು ಒಣಗಲಿ, ಆಮೇಲೆ ಬನ್ನಿ.

ಬ್ರಷ್ಷನ್ನು ನೇರವಾಗಿಟ್ಟರೆ ಕಸ ಮುಂದಕ್ಕೇ ಉರುಳುತ್ತದೆ. 25ರಿಂದ 30 ಡಿಗ್ರಿ ಓರೆ ಮಾಡಿದರೆ ಪಕ್ಕಕ್ಕೆ ಸಾಲು ಕಟ್ಟುತ್ತದೆ. 30 ಡಿಗ್ರಿಯಲ್ಲಿ 6 ಅಡಿ ಬ್ರಷ್ ಗುಡಿಸುವುದು ಸುಮಾರು ಐದೂಕಾಲು ಅಡಿ ಅಗಲ. ಬಾಡಿಗೆ ಲೆಕ್ಕ ಹಾಕುವವರು ಇದನ್ನು ಮರೆಯಬಾರದು.

ಹೆಚ್ಚಿನ ಬ್ರಷ್‌ಗಳು ಹಾಳಾಗುವುದು ಒತ್ತಿ ಓಡಿಸುವುದರಿಂದ. ಕಸ ಹೋಗಲಿಲ್ಲ ಅಂದ ಕೂಡಲೇ ಡ್ರೈವರ್ ಬ್ರಷ್ ಎತ್ತಿ ಇಳಿಸುವ ಲಿಫ್ಟನ್ನು ಇನ್ನೂ ಇಳಿಸುತ್ತಾನೆ. ಕಸವನ್ನು ಚಿಮ್ಮಿಸುವುದು ಎಳೆಗಳ ತುದಿ. ಒತ್ತಿದರೆ ಎಳೆ ಮಡಚಿ ಹೊಟ್ಟೆಯಿಂದ ಉಜ್ಜುತ್ತದೆ, ಕಾಯುತ್ತದೆ, ಬೇಗ ಸವೆಯುತ್ತದೆ, ಕಸ ಮಾತ್ರ ಅಲ್ಲೇ ಇರುತ್ತದೆ. ಸರಿಯಾದ ಎತ್ತರ ತಿಳಿಯಲು ಧೂಳಿರುವ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಬ್ರಷ್ ತಿರುಗಿಸಿ ನೆಲಕ್ಕೆ ತಾಗಿಸಿ, ಅರ್ಧ ನಿಮಿಷ ನಿಂತಲ್ಲೇ ಓಡಿಸಿ ಎತ್ತಿ. ಪಿಟಿಓ, ಇಂಜಿನ್ ಎರಡೂ ಆರಿಸಿ ಇಳಿದು ನೋಡಿ. ನೆಲದ ಮೇಲೆ 2ರಿಂದ 4 ಇಂಚು ಅಗಲದ ಪಟ್ಟಿ ಉದ್ದಕ್ಕೂ ಒಂದೇ ಸಮ ಬಿದ್ದಿದ್ದರೆ ಸರಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪಾಗಿದ್ದರೆ ಫ್ರೇಮ್ ವಾಲಿದೆ ಎಂದರ್ಥ. ಲಿಫ್ಟ್ ರಾಡಿನ ಲೆವೆಲಿಂಗ್ ಹ್ಯಾಂಡಲ್ ತಿರುಗಿಸಿ ಸಮ ಮಾಡಿ. ಎತ್ತರವನ್ನು ಬ್ರಷ್ ಫ್ರೇಮಿನ ಹಿಂದಿನ ಗಾಲಿಗಳ ಪಿನ್ನಿನಲ್ಲಿ ಕಟ್ಟಿಹಾಕಿ, ಲಿಫ್ಟಿನ ಲಿವರ್ ನಂಬಬೇಡಿ. ಎಳೆ ಸವೆದಂತೆ ಈ ಪರೀಕ್ಷೆ ಮತ್ತೆ ಮತ್ತೆ ಬೇಕು.

ವೇಗ ಗಂಟೆಗೆ 5ರಿಂದ 8 ಕಿಲೋಮೀಟರ್ ಸಾಕು. ಇಂಜಿನ್ ರೇಸ್ ಮಾಡಿದರೆ ಹೆಚ್ಚುವುದು ಧೂಳು. ಆದಷ್ಟು ಗಾಳಿ ಬೀಸುವ ದಿಕ್ಕಿಗೇ ಕಸ ತಳ್ಳಿ, ಮೊದಲು ತೆಳುವಾಗಿ ನೀರು ಚಿಮುಕಿಸಿ.

ಎಳೆಯ ಆಯ್ಕೆಯಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ. ಗಟ್ಟಿ ಮಣ್ಣು ಕೆರೆಯಲು ಸ್ಟೀಲ್ ತಂತಿ ಬೆರೆಸಿದ ಬ್ರಷ್ ಚೆನ್ನ, ನಿಜ. ಆದರೆ ಆ ತಂತಿ ಮುರಿಯುತ್ತದೆ. ಗುಡಿಸಿದ ಸೋಗೆ, ರಾಗಿ ಹುಲ್ಲು ದನದ ಬಾಯಿಗೆ ಹೋಗುವ ಊರಿನಲ್ಲಿ, ಬೆಲ್ಲ ಮಾಡುವ ಅಂಗಳದಲ್ಲಿ, ತಂತಿ ಚೂರು ಬಿದ್ದರೆ ಹಸುವಿನ ಹೊಟ್ಟೆ ಸೇರಿ ಹೃದಯದವರೆಗೂ ಚುಚ್ಚಬಹುದು. ಇಂಥ ಕಡೆ ಪೂರ್ತಿ ಪ್ಲಾಸ್ಟಿಕ್ ಎಳೆಯ ಬ್ರಷ್ಷೇ ಇರಲಿ. ಬದಲಿಸುವಾಗ ಎಳೆ ಕೂರಿಸಿದ ಎಲ್ಲ ಬಿಲ್ಲೆಗಳನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹೊಸದು ಬೆರೆತರೆ ಗುಡಿಸಿದ ಜಾಗ ಪಟ್ಟೆ ಪಟ್ಟೆಯಾಗುತ್ತದೆ.

ಹಿಂದೆ ಕೂರುವುದೇ ಇದರ ದೊಡ್ಡ ಕೊರತೆ. ದೊಡ್ಡ ಟೈರು ಮೊದಲು ಕಸ ತುಳಿಯುತ್ತದೆ, ಡ್ರೈವರ್ ಕತ್ತು ತಿರುಗಿಸಿಕೊಂಡೇ ಇರಬೇಕು. ರಾಗಿ ಒಕ್ಕಣೆಯಾದ ರಸ್ತೆಯಲ್ಲಿ ಉದ್ದ ಹುಲ್ಲು, ಗೊಬ್ಬರದ ಚೀಲದ ದಾರ ಬ್ರಷ್ಷಿನ ಎರಡು ತುದಿಯ ಬೇರಿಂಗಿಗೆ ಸುತ್ತಿಕೊಂಡು ಸೀಲ್ ಕತ್ತರಿಸುತ್ತವೆ. ಉದ್ದನೆಯದನ್ನು ಮೊದಲು ಕೈಯಲ್ಲಿ ಆಯ್ದುಬಿಡಿ. ಸುತ್ತಿಕೊಂಡದ್ದನ್ನು ಬಿಡಿಸುವ ಮುನ್ನ ಪಿಟಿಓ ನಿಲ್ಲಿಸಿ, ಬ್ರಷ್ ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ.

ಪಿಟಿಓ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಪಂಚೆಯ ಅಂಚು, ಹೆಗಲ ಟವೆಲ್, ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳುವ ಸಮಯವೇ ಇರುವುದಿಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಆ ದಿನ ಕೆಲಸ ಬೇಡ. ಬ್ರಷ್ ತಿರುಗುವಾಗ ಶಾಫ್ಟಿನ ಬಾಗು ಹೆಚ್ಚುವಷ್ಟು ಲಿಫ್ಟ್ ಎತ್ತಬೇಡಿ, ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು, ಅಂದರೆ ಕ್ರಾಸ್ ಬೇರಿಂಗ್, ಕಟಕಟ ಅನ್ನತೊಡಗುತ್ತದೆ. ಕಲ್ಲು ಚಿಮ್ಮುವ ಪಕ್ಕದಲ್ಲಿ ಮಕ್ಕಳು, ಬೈಕು, ಗಾಜು ಇರಬಾರದು. ಹೆದ್ದಾರಿಯ ಸರ್ವಿಸ್ ರಸ್ತೆಗೆ ಇಳಿಯುವುದಾದರೆ ಹಿಂದೆ ಮಿನುಗುವ ದೀಪ ಕಡ್ಡಾಯ.

ಕ್ರಾಸ್‌ಗಳಿಗೆ ದಿನದ ಕೆಲಸ ಶುರುವಾಗುವ ಮುನ್ನ ಗ್ರೀಸ್ ಹೊಡೆಯಿರಿ. ಎತ್ತಿಡುವಾಗ ಬ್ರಷ್ ನೆಲದ ಮೇಲೆ ಕೂರಬಾರದು. ಕೂತರೆ ಆ ಬದಿಯ ಎಳೆ ಚಪ್ಪಟೆಯಾಗಿ, ಮತ್ತೆ ಓಡಿಸಿದಾಗ ಇಡೀ ಫ್ರೇಮ್ ಕುಣಿಯುತ್ತದೆ. ನಿಲ್ಲಿಸಲು ಕಾಲು ಕೊಡದ ಮಾಡೆಲ್ ಕೊಳ್ಳಬೇಡಿ.